ಹತ್ತನೇ ಬೀಗದ ಕೈ

ನವೆಂಬರ್ ಮೂರು, ಮಂಗಳವಾರ, ಬೆಳಿಗ್ಗೆ ಏಳೂವರೆ. ಬಗ್ಬಗ್ ಊರಿನ ಪೊಲೀಸ್ ಠಾಣೆಯ ಮೆಟ್ಟಿಲ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಒಳಗೆ ಬನ್ನಿ ಎಂದು ಕಾನ್‌ಸ್ಟೇಬಲ್ ಎಫ್ರೆನ್ ಎರಡು ಸಲ ಕರೆದರೂ ಎದ್ದಿರಲಿಲ್ಲ. ದೊಡ್ಡವರು ಬರಲಿ ಎಂದಿದ್ದಳು. ಹಿಂದಿನ ದಿನ ಸತ್ತವರ ಹಬ್ಬ. ಸ್ಮಶಾನದ ಬಂದೋಬಸ್ತು ಮುಗಿಸಿ ಎರಡು ತಾಸು ಮಲಗಿ ಎದ್ದು ಬಂದ ಇನ್ಸ್‌ಪೆಕ್ಟರ್ ತೆರೆಸಿತಾ ಪಸಿಯೋನ್‌ಳ ಕೂದಲಲ್ಲಿ ಇನ್ನೂ ಮೇಣದ ಬತ್ತಿಯ ಹೊಗೆಯ ವಾಸನೆಯಿತ್ತು.

"ಏನಮ್ಮ ಕಳೆದಿರೋದು?"

"ಪಾಸ್‌ಪೋರ್ಟು."

"ಬೇರೆ?"

"ಬೇರೇನೂ ಇಲ್ಲ. ಚಿನ್ನದ ಸರ ಪಕ್ಕದಲ್ಲೇ ಇತ್ತು. ಅದನ್ನ ಮುಟ್ಟಿಲ್ಲ. ಪಾಸ್‌ಪೋರ್ಟಲ್ಲಿ ಅಮೆರಿಕದ ವೀಸಾ ಇದೆ ಮಗಳೇ. ಶುಕ್ರವಾರ ವಿಮಾನ."

ಮುದುಕಿಯ ಹೆಸರು ಪ್ರಿಮಿತಿವಾ ಅಗ್ಬಯಾನಿ. ವಯಸ್ಸು ಎಪ್ಪತ್ತೊಂದು, ಗಂಡ ತೀರಿಕೊಂಡಿದ್ದಾನೆ. ಒಬ್ಬಳೇ ಮಗಳು ಮಾರಿವಿಕ್ ಹವಾಯಿಯಲ್ಲಿ ವೃದ್ಧರ ಆರೈಕೆಯ ಕೆಲಸ ಮಾಡುತ್ತಾಳೆ. ಅಲ್ಲಿನ ಪೌರತ್ವ ಸಿಕ್ಕ ಕೂಡಲೇ ಅವಳು ಮಾಡಿದ ಮೊದಲ ಕೆಲಸ, ತಾಯಿಯನ್ನು ಕಾಯಂ ಆಗಿ ಕರೆಸಿಕೊಳ್ಳಲು ಅರ್ಜಿ ಹಾಕಿದ್ದು.

"ವೀಸಾ ಎಲ್ಲಿವರೆಗೆ ಇದೆ?"

"ಒಂಬತ್ತನೇ ತಾರೀಖಿನವರೆಗೆ."

"ಬಂದು ಎಷ್ಟು ದಿನ ಆಯ್ತು?"

"ಐದು ತಿಂಗಳು."

"ಅಷ್ಟು ದಿನ ಏನ್ ಮಾಡ್ತಿದ್ರಿ? ಕೊನೇ ವಾರದವರೆಗೆ ಯಾರಾದ್ರೂ ಕಾಯ್ತಾರಾ?"

"ಈ ಹಬ್ಬಕ್ಕೆ ಗಂಡನಿಗೆ ಎಡೆ ಇಟ್ಟು ಹೋಗೋಣ ಅಂತ. ಮುಂದಿನ ವರ್ಷ ಯಾರಿಡ್ತಾರೆ ಹೇಳು." ಮುದುಕಿ ಕೈಯಲ್ಲಿದ್ದ ಕರವಸ್ತ್ರವನ್ನು ಹಿಂಡಿದಳು. "ಮಗಳಿಗೆ ಈ ತಿಂಗಳು ದಿನ ತುಂಬುತ್ತೆ. ನಲವತ್ತೆರಡಕ್ಕೆ ಚೊಚ್ಚಲು. ಗಂಡ ಬಿಟ್ಟು ಹೋಗಿದಾನೆ. ಬಾಣಂತನಕ್ಕೆ ಅಲ್ಲಿ ಒಂದು ನರಪಿಳ್ಳೆ ಇಲ್ಲ."

ವೀಸಾದ ಗಡುವು ಮುಗಿದರೆ ಮತ್ತೆ ಕಾಗದಪತ್ರ, ಮತ್ತೆ ವೈದ್ಯರ ಪರೀಕ್ಷೆ, ಮತ್ತೆ ಮನಿಲಾದ ರಾಯಭಾರ ಕಚೇರಿ. ಎಷ್ಟು ಕಾಲವೋ ಯಾರೂ ಹೇಳಲಾರರು. ಕೂಸಂತೂ ಅಲ್ಲಿಯವರೆಗೆ ಕಾಯುವುದಿಲ್ಲ.

"ವೀಸಾ ಬಂದಿದ್ದು ಯಾರಿಗೆಲ್ಲ ಗೊತ್ತಿತ್ತು?"

"ಅಕ್ಕನ ಮಗಳು ಓದೆಂಗ್‌ಗೆ. ಹಗಲು ಬಂದು ಮನೆ ಕೆಲಸ ನೋಡ್ಕೋತಾಳೆ. ಆಮೇಲೆ ಎದುರು ಮನೆ ಸಾಂತಾಗೆ. ಅವಳಿಗೆ ಮೊನ್ನೆ ಹೇಳಿದೆ."

"ಮೊನ್ನೆ?"

"ಅದಕ್ಕೂ ಮೊದಲು ಹೇಳೋಕೆ ಬಾಯಿ ಬರಲಿಲ್ಲ," ಎಂದಳು ಪ್ರಿಮಿತಿವಾ.

ಎಂಟು ಗಂಟೆಗೆ ದೂರು ದಾಖಲಾಯಿತು. ಒಂಬತ್ತಕ್ಕೆ ತೆರೆಸಿತಾ ಮತ್ತು ಎಫ್ರೆನ್ ಸ್ಥಳಕ್ಕೆ ಹೋದರು. ಆ ಬೀದಿಯನ್ನು ಊರವರು ಹವಾಯಿ ಬೀದಿ ಎನ್ನುತ್ತಾರೆ. ಎರಡೂ ಬದಿಗೆ ಡಾಲರಿನಲ್ಲಿ ಕಟ್ಟಿಸಿದ ಮಹಡಿ ಮನೆಗಳು, ಬಣ್ಣಬಣ್ಣದ ಗೇಟುಗಳು. ಕಟ್ಟಿಸಿದವರನ್ನು ಮಕ್ಕಳೋ ಒಡಹುಟ್ಟಿದವರೋ ಒಬ್ಬೊಬ್ಬರಾಗಿ ಕರೆಸಿಕೊಂಡ ಮೇಲೆ, ಈಗ ದೀಪ ಉರಿಯುವುದು ಎದುರುಬದುರಿನ ಎರಡೇ ಮನೆಗಳಲ್ಲಿ. ಒಂದು ಪ್ರಿಮಿತಿವಾಳದು. ಇನ್ನೊಂದು ಕ್ರಿಸಾಂತಾ ದುಲ್ದುಲಾವ್‌ಳದು, ಅವಳನ್ನೇ ಎಲ್ಲರೂ ಸಾಂತಾ ಎನ್ನುವುದು. ಉಳಿದ ಒಂಬತ್ತು ಮನೆಗಳ ಬೀಗದ ಕೈಗಳು ಅವಳ ಸೊಂಟದ ಗೊಂಚಲಿನಲ್ಲಿ ತೂಗುತ್ತಿದ್ದವು. ಕಿಟಕಿ ತೆರೆದು ಗಾಳಿಯಾಡಿಸುವುದು, ಗೆದ್ದಲು ನೋಡುವುದು, ಹಬ್ಬದ ಸಂಜೆ ಪ್ರತಿ ಬಾಗಿಲಿಗೂ ಮೇಣದ ಬತ್ತಿ ಹಚ್ಚುವುದು ಅವಳ ಪಾಲಿಗೆ ಬಂದ ಕೆಲಸ. ಯಾರೂ ಅವಳನ್ನು ನೇಮಿಸಿರಲಿಲ್ಲ. ಹೋಗುವವರೆಲ್ಲ ಕೈಗೆ ಕೊಟ್ಟು ಹೋದರು, ಅಷ್ಟೆ.

ಪಂಚನಾಮೆಯಲ್ಲಿ ಬರೆಯುವಂಥದ್ದು ಹೆಚ್ಚೇನೂ ಸಿಗಲಿಲ್ಲ. ಬೀಗ ಒಡೆದಿಲ್ಲ, ಒಡೆಯುವ ಪ್ರಮೇಯವೇ ಇರಲಿಲ್ಲ. ಹಬ್ಬದ ಸಂಜೆ ಸತ್ತವರು ಬಂದು ಎಡೆ ಉಣ್ಣಲಿ ಎಂದು ಬಾಗಿಲು ಓರೆ ಮಾಡಿಟ್ಟು, ಇದ್ದವರೆಲ್ಲ ಸ್ಮಶಾನಕ್ಕೆ ಹೋಗಿರುತ್ತಾರೆ. ಕಪಾಟಿನಲ್ಲಿ ಮಡಿಸಿಟ್ಟ ಬಟ್ಟೆ ಕದಲಿರಲಿಲ್ಲ. ಒಲೆಯ ಮೇಲೆ ರಾತ್ರಿಯ ಸಾರು ಹಾಗೇ ಇತ್ತು. ಗಂಡನ ಚಿತ್ರದ ಮುಂದಿನ ತಟ್ಟೆಯಲ್ಲಿ ಅಕ್ಕಿ ಕಡುಬಿಗೆ ಇರುವೆ ಹತ್ತಿತ್ತು.

"ಪಂಚರು ಇಬ್ಬರು ಬೇಕು ಮೇಡಂ," ಎಂದ ಎಫ್ರೆನ್. "ಈ ಬೀದೀಲಿ ಜನಾನ ಎಲ್ಲಿಂದ ತರೋಣ?"

ಬೀದಿ ಕಾವಲಿನ ಇಸಿದ್ರೋ ಒಬ್ಬನಾದ. ಪೊಲೀಸರಿಗೆ ಕಾಫಿ ಹಿಡಿದುಕೊಂಡು ಬಂದಿದ್ದ ಕ್ರಿಸಾಂತಾ ಇನ್ನೊಬ್ಬಳಾದಳು. ಇಬ್ಬರೂ ರುಜು ಹಾಕಿದರು.

ಇಸಿದ್ರೋನ ಹೇಳಿಕೆಯೊಂದೇ ಕೈಗೆ ಸಿಕ್ಕ ಎಳೆ.

"ನಿನ್ನೆ ಸಂಜೆ ಕತ್ತಲಾಗ್ತಿತ್ತು ಮೇಡಂ. ಈ ಮನೆ ಹಿಂದಿನ ಗೇಟ್ ಹತ್ರ ಮಾತು ಕೇಳಿಸ್ತು. 'ನಡಿ, ಹೋಗೋಣ, ಹಿಂದೆ ಉಳೀಬೇಡ' ಅಂತ."

"ದನಿ ಗಂಡಸಿಂದಾ, ಹೆಂಗಸಿಂದಾ?"

"ಪಿಸುಮಾತು. ಗೊತ್ತಾಗ್ಲಿಲ್ಲ."

"ಎಷ್ಟು ಕುಡಿದಿದ್ದೆ?"

"ಗೇಟಲ್ಲಿ ಎಡೆಗಿಟ್ಟಿದ್ದ ಕಬ್ಬಿನ ಕಳ್ಳು, ಒಂದೇ ಲೋಟ."

"ಸತ್ತವರ ಪಾಲಿಂದಾ?"

"ಅವ್ರು ಕುಡಿದು ಮಿಗಿಸಿದ್ದು ಮೇಡಂ. ಆದ್ರೆ ಕೇಳಿಸಿದ್ದು ಸುಳ್ಳಲ್ಲ. ಒಬ್ರು ಇನ್ನೊಬ್ರಿಗೆ ಹೇಳಿದ್ರು. ಇಬ್ರಿದ್ರು."

ಇಬ್ಬರು ಎಂದ ಮೇಲೆ ಸಂಶಯ ಓದೆಂಗ್ ಮತ್ತು ಅವಳು ಮದುವೆಯಾಗಲಿದ್ದ ಆಟೊ ಚಾಲಕ ವಿಲ್ಸನ್‌ನ ಮೇಲೆ ತಿರುಗಿತು. ಚಿಕ್ಕಮ್ಮ ಹೋದರೆ ಓದೆಂಗ್‌ಗೆ ಕೆಲಸವಿಲ್ಲ. ಮಾರಿವಿಕ್ ತಾಯಿಗೆ ಹಾಕಿದ ಅರ್ಜಿಯಲ್ಲಿ ಓದೆಂಗ್‌ಗೆ ಜಾಗವಿಲ್ಲ. ಮಂಗಳವಾರ ಮಧ್ಯಾಹ್ನದಿಂದ ಬುಧವಾರ ಸಂಜೆಯವರೆಗೆ ಇಬ್ಬರನ್ನೂ ಬೇರೆಬೇರೆ ಕೂರಿಸಿ ಕೇಳಲಾಯಿತು.

"ಹಬ್ಬದ ಸಂಜೆ ಎಲ್ಲಿದ್ದೆ ಓದೆಂಗ್?"

"ಸ್ಮಶಾನದ ಗೇಟಲ್ಲಿ ಕರಿದ ಕಡುಬು ಮಾರ್ತಿದ್ದೆ. ನೀವೇ ಮೂರು ತಿಂದ್ರಲ್ಲ ಮೇಡಂ. ಕಾಸೂ ಕೊಡಲಿಲ್ಲ."

ಎಫ್ರೆನ್ ಕೆಮ್ಮಿದ. ತೆರೆಸಿತಾ ಕಡತದ ಪುಟ ತಿರುಗಿಸಿದಳು. ವಿಲ್ಸನ್ ಆ ಹೊತ್ತಿಗೆ ಪಾದ್ರಿಯನ್ನೇ ಆಟೊದಲ್ಲಿ ಕೂರಿಸಿಕೊಂಡು ಸ್ಮಶಾನಕ್ಕೂ ಚರ್ಚಿಗೂ ಓಡಾಡುತ್ತಿದ್ದ. ಪಾದ್ರಿ ಫೋನಿನಲ್ಲಿ ಹೌದೆಂದರು. ಇಬ್ಬರನ್ನೂ ಕಳಿಸಿದ್ದಾಯಿತು.

ಪ್ರಿಮಿತಿವಾ ಎರಡು ಹೊತ್ತೂ ಬಂದು ಅದೇ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಏನನ್ನೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಗದರಿಸಿಯಾದರೂ ಕಳಿಸಬಹುದಿತ್ತು ಎಂದು ತೆರೆಸಿತಾಗೆ ಅನಿಸಿತು.

ಗುರುವಾರ ಬೆಳಿಗ್ಗೆ ಅವಳು ಬೀದಿಯ ಖಾಲಿ ಮನೆಗಳನ್ನು ಶೋಧಿಸಲು ನಿರ್ಧರಿಸಿದಳು. ಕದ್ದ ಮಾಲು ಬಚ್ಚಿಡಲು ಅದಕ್ಕಿಂತ ಒಳ್ಳೆಯ ಜಾಗವಿರಲಿಲ್ಲ. ಕ್ರಿಸಾಂತಾ ಗೊಂಚಲು ಹಿಡಿದು ಮುಂದೆ ನಡೆದಳು.

"ಇದು ಗಾಂಬೋವಾ ಅವರದ್ದು. ಅಣ್ಣ ಕರೆಸ್ಕೊಂಡ. ಇಪ್ಪತ್ತೆರಡು ವರ್ಷ ಕಾದ್ರು. ಹಸಿರು ಗೇಟು ಟೀಚರಮ್ಮಂದು, ಮಗ ಕರೆಸ್ಕೊಂಡ. ಅಲ್ಲಿ ಚಳಿಯಂತೆ, ಕಾಲು ನೋವಂತೆ. ಹವಾಯೀಲಿ ಎಂಥಾ ಚಳೀನೋ."

"ನಿಮ್ಮನ್ನ ಯಾರೂ ಕರೆಸ್ಕೊಳ್ಳಲಿಲ್ವಾ ಅಮ್ಮ?" ಎಂದು ಎಫ್ರೆನ್ ಮಾತಿಗೆ ಕೇಳಿದ.

"ನನ್ ಮಗ ಹಾಕಿದ್ದ ಅರ್ಜಿ," ಎಂದು ಕ್ರಿಸಾಂತಾ ಮುಂದಿನ ಬಾಗಿಲು ತೆರೆದಳು.

ಒಳಗೆ ಸೋಫಾಗಳ ಮೇಲೆ ಬಿಳಿ ಹೊದಿಕೆ, ಗೋಡೆಯಲ್ಲಿ ಎಂದೋ ನಿಂತ ಕ್ಯಾಲೆಂಡರ್, ಅಡುಗೆಮನೆಯಲ್ಲಿ ಒಂದು ಬಾರಿಯೂ ಹಚ್ಚದ ಹೊಸ ಒಲೆ. ಇಷ್ಟು ಚೊಕ್ಕಟವಾದ, ಇಷ್ಟು ಬೇಡವಾದ ಮನೆಗಳನ್ನು ತೆರೆಸಿತಾ ನೋಡಿರಲಿಲ್ಲ. ಎಫ್ರೆನ್ ಮಂಚದಡಿ ಹುಡುಕಿದ, ಕಪಾಟು ಹುಡುಕಿದ, ಏನೂ ಸಿಗಲಿಲ್ಲ. ಹೊರಗೆ ಬಂದು ಬೀಗ ಹಾಕುವಾಗ ಕ್ರಿಸಾಂತಾ ಹೊಸ್ತಿಲಿನತ್ತ ಬಾಗಿ ಮೆಲ್ಲಗೆ ಅಂದಳು.

"ನಡಿ, ಹೋಗೋಣ, ಹಿಂದೆ ಉಳೀಬೇಡ."

ತೆರೆಸಿತಾ ಅದನ್ನು ಗಮನಿಸಲೂ ಇಲ್ಲ. ಕಾಡಿನಿಂದ, ಹೊಳೆಯಿಂದ, ಸ್ಮಶಾನದಿಂದ, ಬಹುದಿನ ಪಾಳು ಬಿದ್ದ ಮನೆಯಿಂದ ಹೊರಡುವಾಗ ಆ ಸೀಮೆಯವರೆಲ್ಲ ತಮ್ಮ ಜೀವವನ್ನು ಹೀಗೆ ಕರೆದುಕೊಂಡು ಹೋಗುತ್ತಾರೆ. ಕರೆಯದಿದ್ದರೆ ಅದು ಬೆದರಿ ಅಲ್ಲೇ ಉಳಿದುಬಿಟ್ಟು ಮೈಗೆ ಕಾಯಿಲೆ ಬರುತ್ತದೆ ಎಂದು ನಂಬಿಕೆ. ಮೂರನೇ ಮನೆಯಿಂದ ಇಳಿಯುವಾಗ ತೆರೆಸಿತಾಳ ಬಾಯಿಂದಲೇ ಆ ಮಾತು ಬಂತು. ಆಗ ಮೆಟ್ಟಿಲ ಮೇಲೆ ನಿಂತುಬಿಟ್ಟಳು.

ಗೇಟಿನ ಹತ್ತಿರ ಇಬ್ಬರಿರಲಿಲ್ಲ. ಒಬ್ಬರೇ ಇದ್ದರು. ಇಸಿದ್ರೋಗೆ ಅದು ಹೊಳೆಯದೇ ಹೋದದ್ದರಲ್ಲಿ ತಪ್ಪಿಲ್ಲ. ಒಲೆಯ ಮೇಲೆ ಸಾರಿರುವ, ಜನ ಬಾಳುವ ಮನೆಯಿಂದ ಹೊರಡುವಾಗ ಯಾರೂ ಜೀವವನ್ನು ಕರೆಯುವುದಿಲ್ಲ. ದಿನಕ್ಕೆ ಒಂಬತ್ತು ಖಾಲಿ ಮನೆ ಹೊಕ್ಕು ಬರುವವಳು ಮಾತ್ರ ಕರೆದಾಳು. ಅದೂ, ಆ ಮನೆ ತನ್ನ ಪಾಲಿಗೆ ಆಗಲೇ ಖಾಲಿಯಾಗಿದ್ದರೆ.

"ಸಾಂತಮ್ಮ."

"ಹೂಂ."

"ಹಬ್ಬದ ಸಂಜೆ ಪ್ರಿಮಿತಿವಾ ಮನೆಗೆ ಯಾಕೆ ಹೋಗಿದ್ರಿ?"

"ಬತ್ತಿ ಹಚ್ಚೋಕೆ."

"ಆ ಮನೇಲಿ ಬತ್ತಿ ಹಚ್ಚೋಕೆ ಜನ ಇದಾರೆ. ಹಿಂದಿನ ಗೇಟಲ್ಲಿ ಯಾಕೆ ಬಂದ್ರಿ?"

ಕ್ರಿಸಾಂತಾ ಗೊಂಚಲಿನಲ್ಲಿ ನಾಲ್ಕನೇ ಮನೆಯ ಬೀಗದ ಕೈ ಹುಡುಕುತ್ತಲೇ ಇದ್ದಳು.

"ಇನ್ನುಳಿದ ಮನೆ ತೆಗಿಸ್ಲೋ, ಬೇಡ್ವೋ?" ಎಂದಳು ತೆರೆಸಿತಾ.

"ಬೇಡ," ಎಂದಳು ಕ್ರಿಸಾಂತಾ. "ನನ್ನ ಮನೆಗೆ ಬನ್ನಿ."

ಅವಳ ಮಂಚದಡಿ ಒಂದು ನೀಲಿ ಸೂಟ್‌ಕೇಸ್ ಇತ್ತು. ಮುಚ್ಚಳ ತೆರೆದರೆ ಹಳೆಯ ನುಸಿಗುಳಿಗೆಯ ಘಾಟು. ಇಸ್ತ್ರಿ ಮಾಡಿ ಮಡಿಸಿದ ಹೂವಿನ ನಿಲುವಂಗಿಗಳು, ಬೆಲೆಯ ಚೀಟಿ ಕೀಳದ ಹೊಸ ಚಪ್ಪಲಿ. ಮೇಲೆ ಎರಡು ಪಾಸ್‌ಪೋರ್ಟುಗಳು ಒಂದಕ್ಕೊಂದು ತಾಗಿಕೊಂಡಿದ್ದವು. ಒಂದು ಪ್ರಿಮಿತಿವಾಳದು. ಇನ್ನೊಂದು ಕ್ರಿಸಾಂತಾಳದು, ಅವಧಿ ಮುಗಿದು ವರ್ಷಗಳೇ ಆಗಿದ್ದವು.

ಎಫ್ರೆನ್ ಜಪ್ತಿ ಪತ್ರ ಬರೆಯಲು ಕೂತ. ತೆರೆಸಿತಾ ಮಂಚದ ಅಂಚಿನಲ್ಲಿ ಕೂತು ಕೇಳಿದಳು.

"ನಿಮ್ಮ ಮಗನ ಅರ್ಜಿ ಏನಾಯ್ತು?"

"ಹಂದಿ ಕಡಿದು ಬೀಳ್ಕೊಡುಗೆ ಊಟ ಹಾಕಿಸಿದ್ದೆ. ಇಡೀ ಊರು ಉಂಡಿತ್ತು. ನಾಲ್ಕನೇ ದಿನ ಫೋನ್ ಬಂತು. ರಸ್ತೆ ಅಪಘಾತ." ಅವಳು ಅದನ್ನು ಬಹಳ ಸಲ ಹೇಳಿ ಹೇಳಿ ಸವೆದ ದನಿಯಲ್ಲಿ ಹೇಳಿದಳು. "ಅರ್ಜಿ ಹಾಕಿದವನೇ ಹೋದ್ರೆ ಅರ್ಜೀನೂ ಹೋಯ್ತಂತೆ. ಕಾನೂನಂತೆ. ನನ್ ಮಗನೂ ಹೋದ, ಅವನನ್ನ ಮಣ್ಣು ಮಾಡೋದು ನೋಡೋಕೂ ಬಿಡಲಿಲ್ಲ."

"ಪ್ರಿಮಿತಿವಾ ನಿಮಗೇನು ಮಾಡಿದ್ಲು?"

"ಏನೂ ಮಾಡಲಿಲ್ಲ. ನಲವತ್ತು ವರ್ಷ ಒಟ್ಟಿಗೆ ಕಾಫಿ ಕುಡಿದಿದೀವಿ. ಈ ವಯಸ್ಸಲ್ಲಿ ನಾನೆಲ್ಲಿ ಹೋಗ್ಲೇ ಅಂತಿದ್ಲು. ಐದು ತಿಂಗಳು ವೀಸಾ ಕಪಾಟಲ್ಲಿಟ್ಕೊಂಡು ಹಾಗೇ ಅಂತಿದ್ಲು. ಹಬ್ಬದ ಹಿಂದಿನ ದಿನ ಕಡುಬು ತಂದು, ಶುಕ್ರವಾರ ಬೀಗದ ಕೈ ಕೊಟ್ ಹೋಗ್ತೀನಿ, ನೋಡ್ಕೋ ಅಂದ್ಲು." ಗೊಂಚಲನ್ನು ಸೊಂಟದಿಂದ ಬಿಚ್ಚಿ ಹಾಸಿಗೆಯ ಮೇಲಿಟ್ಟಳು. "ಹತ್ತನೇದು."

"ಪಾಸ್‌ಪೋರ್ಟ್ ಸುಡೋ ಯೋಚನೆ ಇತ್ತಾ?"

"ಅಯ್ಯೋ, ಅವಳ ಫೋಟೋ ಇದೆ ಅದರಲ್ಲಿ! ಒಂಬತ್ತನೇ ತಾರೀಖು ದಾಟಿದ ಮೇಲೆ ವಾಪಸ್ ಇಡ್ತಿದ್ದೆ."

"ಆಮೇಲೆ ಅವಳು ಮತ್ತೆ ಮೊದಲಿಂದ ಕಾಯ್ಬೇಕಿತ್ತು."

"ಹೂಂ. ಇಬ್ರೂ ಕಾಯ್ತಿದ್ವಿ."

"ಅಲ್ಲಿ ಮಗಳು ಬಸುರಿ ಸಾಂತಮ್ಮ."

ಮುದುಕಿ ತಲೆ ತಗ್ಗಿಸಿದಳು. ಅಷ್ಟು ಹೊತ್ತಿನಲ್ಲಿ ಅವಳಿಗೆ ನಾಚಿಕೆಯಾದದ್ದು ಅದೊಂದು ಮಾತಿಗೆ ಮಾತ್ರ.

ಗುರುವಾರ ಹನ್ನೊಂದೂವರೆಗೆ ಕ್ರಿಸಾಂತಾ ದುಲ್ದುಲಾವ್‌ಳನ್ನು ಬಂಧಿಸಲಾಯಿತು. ಬೇಡಿ ಹಾಕಲು ಎಫ್ರೆನ್‌ಗೆ ಮನಸ್ಸು ಬರಲಿಲ್ಲ, ತೆರೆಸಿತಾ ಹಾಕು ಎನ್ನಲೂ ಇಲ್ಲ. ಕಡತಕ್ಕಾಗಿ ಪಾಸ್‌ಪೋರ್ಟಿನ ಪುಟಗಳ ಫೋಟೋ ತೆಗೆದುಕೊಂಡು, ಮೇಲಧಿಕಾರಿಗಳ ಒಪ್ಪಿಗೆ ಪಡೆದು, ಸಂಜೆಯೊಳಗೆ ಅದನ್ನು ಮಾಲೀಕಳಿಗೆ ಒಪ್ಪಿಸಿ ರುಜು ಪಡೆಯಲಾಯಿತು. ಯಾರು ಕದ್ದದ್ದು ಎಂದು ತಿಳಿದಾಗ ಪ್ರಿಮಿತಿವಾ ಎದ್ದು ಮನೆಗೆ ಹೋದಳು.

ಶುಕ್ರವಾರ ಬೆಳಿಗ್ಗೆ ಆರೂವರೆಗೆ ವಿಮಾನ ನಿಲ್ದಾಣಕ್ಕೆ ಹೊರಟ ವ್ಯಾನ್ ಠಾಣೆಯ ಮುಂದೆ ನಿಂತಿತು. ಹೊಸ ಚಪ್ಪಲಿ ಮೆಟ್ಟಿದ ಪ್ರಿಮಿತಿವಾ ಇಳಿದು ಸೀದಾ ಲಾಕಪ್ಪಿನ ಸರಳುಗಳ ಮುಂದೆ ನಿಂತಳು.

"ತಿಂಡಿ ಕೊಟ್ರಾ?"

"ಕೊಟ್ರು. ಅನ್ನ ಬೆಂದಿರಲಿಲ್ಲ."

"ಜೈಲಿಗೆ ಬಂದ್ರೂ ನಿನ್ನ ನಾಲಿಗೆ ರುಚಿ ಹೋಗಲಿಲ್ಲ ಬಿಡು."

ಪ್ರಿಮಿತಿವಾ ಸರಳಿಗೆ ಇನ್ನಷ್ಟು ಹತ್ತಿರ ಬಂದಳು.

"ನಾನು ಮೊದಲೇ ಹೇಳ್ಬೇಕಿತ್ತು ಕಣೇ."

"ಹೇಳಿದ್ರೆ ಮೊದಲೇ ಕದೀತಿದ್ದೆ," ಎಂದಳು ಕ್ರಿಸಾಂತಾ.

ಪ್ರಿಮಿತಿವಾಗೆ ನಗು ಬಂತು, ಅದು ಪೂರ್ತಿ ಆಗುವ ಮೊದಲೇ ಅಳುವೂ ಬಂತು. ತೆರೆಸಿತಾಳ ಮೇಜಿನ ಹತ್ತಿರ ಬಂದು, ದೂರು ಹಿಂತೆಗೆಯುವ ಪತ್ರಕ್ಕೆ ನಿಂತೇ ರುಜು ಹಾಕಿದಳು. ಕೈಚೀಲದಿಂದ ಬೀಗದ ಕೈ ತೆಗೆದು ಪತ್ರದ ಮೇಲಿಟ್ಟಳು.

"ಅವಳನ್ನ ಬಿಟ್ಟಾಗ ಕೊಡು ಮಗಳೇ. ನನ್ ಗಂಡನಿಗೆ ಎಡೆ ಅವಳೇ ಇಡ್ಲಿ."

"ಕದ್ದವಳ ಕೈಗಾ?" ಎಂದ ಎಫ್ರೆನ್.

"ಮತ್ಯಾರಿದಾರಪ್ಪ ಆ ಬೀದೀಲಿ?"

ವ್ಯಾನಿನ ಬಾಗಿಲು ಮುಚ್ಚಿತು. ಪ್ರಿಮಿತಿವಾ ಹಿಂತಿರುಗಿ ನೋಡಲಿಲ್ಲ. ಎಪ್ಪತ್ತೊಂದು ವರ್ಷ ಬಾಳಿದ ಊರು ಬಿಡುವಾಗ ತನ್ನ ಜೀವವನ್ನು ಕರೆದುಕೊಳ್ಳಬೇಕೆಂಬುದನ್ನೂ ಆ ಅಳುವಿನಲ್ಲಿ ಮರೆತಿದ್ದಳು. ವ್ಯಾನ್ ಗೇಟು ದಾಟುವಷ್ಟರಲ್ಲಿ ಲಾಕಪ್ಪಿನ ಕಿಟಕಿಯಿಂದ ಒಂದು ಕೂಗು ಕೇಳಿತು. ಠಾಣೆಯವರೆಲ್ಲ ತಿರುಗಿ ನೋಡಿದರು. ಕ್ರಿಸಾಂತಾ ಸರಳು ಹಿಡಿದು, ತುದಿಗಾಲಲ್ಲಿ ನಿಂತು, ಎದೆ ಬಿರಿಯುವ ಹಾಗೆ ಕರೆಯುತ್ತಿದ್ದಳು.

"ಪ್ರಿಮೀ! ನಡಿಯೇ, ಹೋಗೋಣ! ಹಿಂದೆ ಉಳೀಬೇಡ! ಇಲ್ಲಿ ಯಾರೂ ಇಲ್ಲ ಕಣೇ, ಹೋಗು!"

ವ್ಯಾನ್ ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಕೂಗು ನಿಲ್ಲಿಸಲಿಲ್ಲ.

ತೆರೆಸಿತಾ ಕಡತ ತೆರೆದಳು. ಕೃತ್ಯದ ಉದ್ದೇಶ ಎಂಬ ಜಾಗ ಇನ್ನೂ ಖಾಲಿಯಿತ್ತು. ದ್ವೇಷ ಕಂಡುಬಂದಿಲ್ಲ, ಲಾಭದ ಆಸೆ ಕಂಡುಬಂದಿಲ್ಲ ಎಂದು ಬರೆದು, ಪೆನ್ನು ಹಿಡಿದು ಬಹಳ ಹೊತ್ತು ಕೂತಳು. ಆಮೇಲೆ, ಬೀದಿಯಲ್ಲಿ ಕೊನೆಯವಳಾಗಿ ಉಳಿಯುವ ಭಯ, ಎಂದು ಸೇರಿಸಿದಳು. ಹತ್ತನೇ ಬೀಗದ ಕೈಯನ್ನು, ಬಂಧನದ ದಿನ ತಂದಿಟ್ಟಿದ್ದ ಒಂಬತ್ತರ ಗೊಂಚಲಿಗೆ ಪೋಣಿಸಿ, ಕಪಾಟಿನಲ್ಲಿಟ್ಟು ಬೀಗ ಹಾಕಿದಳು.