ಮೂರನೇ ಕಂಬದ ಕಲ್ಲು

ಕಾನ್‌ಸ್ಟೇಬಲ್ ಆನಂದಕುಮಾರ ಹಳ್ಳದ ಮರಳಿನಲ್ಲಿ ಮಂಡಿಯೂರಿ, ಸೇತುವೆಯ ಮೂರನೇ ಕಂಬದ ತೂತಿನೊಳಗೆ ಮೊಣಕೈವರೆಗೆ ಕೈ ಹಾಕಿದ.

"ಏನೈತಿ?" ಇನ್ಸ್‌ಪೆಕ್ಟರ್ ವಿಜಯಕುಮಾರ ಕೇಳಿದ.

"ಗುಂಡುಕಲ್ಲು ಸರ್. ಮ್ಯಾಲೆ ವಿಭೂತಿ. ಕಳ್ಳ ಭಾಳ ಭಕ್ತ ಇದ್ದಂಗದಾನ್ರಿ."

"ಪಂಚನಾಮೆದಾಗ ಗುಂಡುಕಲ್ಲು ಅಂತಷ್ಟೇ ಬರಿ."

ಅಂದು 2005ರ ಮಾರ್ಚ್ 15, ಮಂಗಳವಾರ. ಶಂಶಾಬಾದಿನಾಚೆಯ ಆ ರೈಲು ಸೇತುವೆ ನಿಜಾಮರ ಕಾಲದ್ದು. ಮೀಟರ್ ಗೇಜ್ ದಿನಗಳಲ್ಲಿ ಹತ್ತಿ, ಶೇಂಗಾ, ಸಿಪಾಯಿಗಳು ಅದರ ಮೇಲೆ ದಾಟಿದ್ದರು. ಒಮ್ಮೆ ಹಳ್ಳ ಉಕ್ಕಿ ಒಂದು ಕಮಾನನ್ನು ಕಿತ್ತೊಯ್ದು, ಮತ್ತೆ ಕಟ್ಟಿದ್ದರು. ದೊಡ್ಡ ಹಳಿ ಬಂದ ಮೇಲೆ ರೈಲುಗಳು ಪಕ್ಕದ ಹೊಸ ಸೇತುವೆಗೆ ಹೋದವು. ಈಗ ಸಾಫ್ಟ್‌ವೇರ್ ಕ್ಯಾಂಪಸ್ಸಿನ ರಸ್ತೆಗಾಗಿ ಹಳೆಯದನ್ನು ಕೆಡವುತ್ತಿದ್ದರು. ಮೂರನೇ ಕಂಬದಲ್ಲಿದ್ದ ಇಸವಿ ಕೆತ್ತಿದ ಕಲ್ಲನ್ನು ತಮ್ಮ ಲಾಬಿಗೆಂದು ಕಂಪನಿಯವರು ಕೇಳಿ ಪಡೆದಿದ್ದರು. ಅದೇ ಕಾಣೆ. ಮ್ಯಾನೇಜರ್ ದೂರು ಕೊಟ್ಟಿದ್ದ, ಎಫ್‌ಐಆರ್ ದಾಖಲಾಗಿತ್ತು.

"ಗುಜರಿಯವರನ್ನ ಕೇಳೋಣೇನ್ರಿ?"

"ಮಾರೋನು ಬದಲಿ ಕಲ್ಲು ಇಟ್ಟು ಹೋಗ್ತಾನೇನೋ?"

ಹುಮನಾಬಾದಿನಲ್ಲಿ ವಿಜಯಕುಮಾರನ ಅಜ್ಜಿ ಗಿರಿಜಾಬಾಯಿ ತೀರಿದ ಹಿರಿಯರ ಗದ್ದುಗೆಯನ್ನು ಎತ್ತಿ ಬೇರೆಡೆ ಇಡಿಸಿದಾಗ ಹೀಗೇ ಮಾಡಿದ್ದಳು. ಜಾಗ ಬರಿದಾಗಬಾರದೆಂದು ಒಂದು ಗುಂಡುಕಲ್ಲು. ಮುಂದಿನ ಸೋಮವಾರ ಅಲ್ಲಿಗೇ ಎಡೆ.

"ಸೋಮವಾರ ಬರ್ತಾರ," ಎಂದ ವಿಜಯಕುಮಾರ.

21ರ ಬೆಳಿಗ್ಗೆ ಕೂಲಿಗಳ ಶೆಡ್ಡಿನಿಂದ ಒಬ್ಬ ಹೆಂಗಸು ತಟ್ಟೆಯಲ್ಲಿ ಸಿಹಿ ಸಜ್ಜಕ ಹಿಡಿದು ಬಂದಳು. ಹೆಸರು ಬಂಡೆಮ್ಮ, ಸೇಡಂ ಕಡೆಯವಳು, ಇದೇ ಸೇತುವೆ ಕೆಡವುವ ಕೆಲಸದವಳು. ಪೊಲೀಸರನ್ನು ಕಂಡು ಓಡಲಿಲ್ಲ.

"ಎಡಿ ತೋರ್ಸಿ ಬರ್ತೀನಿ, ತಡೀರಿ."

ತಡೆದರು.

ಠಾಣೆಯಲ್ಲಿ ವಿಚಾರಣೆ ಬೇಗ ಮುಗಿಯಿತು.

"ಕಲ್ಲು ನೀನ ತಗದಿ?"

"ಹೌದ್ರಿ."

"ಅಷ್ಟು ಭಾರ ಹೆಂಗ ಒಯ್ದಿ?"

"ದಿನಾ ಹೊರಾಕಿ ನಾನ ಅಲ್ಲೇನ್ರಿ? ಇದು ನಮ್ಮಪ್ಪ."

ಕಮಾನನ್ನು ಮತ್ತೆ ಕಟ್ಟುವಾಗ ಅವಳ ಅಪ್ಪ ಸಂಗಣ್ಣ ಆ ಕಂಬದಿಂದ ಬಿದ್ದು ಹಳ್ಳದ ಪಾಲಾಗಿದ್ದ. ಹೆಣ ಸಿಗಲಿಲ್ಲ. ಮಣ್ಣು ಮಾಡಲು ಏನೂ ಇರದೆ ಬಂಡೆಮ್ಮನ ತಾಯಿ ಸೂಗಮ್ಮ, ಅವನು ಕೊನೆಗೆ ಕೈಯಿಟ್ಟ ಕಲ್ಲಿಗೆ ವಿಭೂತಿ ಹಚ್ಚಿದಳು. ಅಂದಿನಿಂದ ಅದೇ ಅವನ ಗದ್ದುಗೆ. ಬಂಡೆಮ್ಮ ಹೆಬ್ಬೆಟ್ಟು ಒತ್ತಿದಳು. ಬಂಧನವಾಯಿತು. ಕಲ್ಲು ಎಲ್ಲಿದೆ ಎಂದು ಮಾತ್ರ ಹೇಳಲಿಲ್ಲ.

ಮಧ್ಯಾಹ್ನ ಮ್ಯಾನೇಜರ್ ಬಂದ. ತೆಲುಗಿನಲ್ಲಿ ಅವನು ಹೇಳಿದ್ದನ್ನು ವಿಜಯಕುಮಾರ ಅವಳಿಗೆ ಕನ್ನಡದಲ್ಲಿ ತಿಳಿಸಿದ.

"ಜಾಗ ತೋರ್ಸಿದ್ರ ದೂರು ವಾಪಸ್ ತಗೋತಾರಂತ. ಕಲ್ಲು ಗಾಜಿನ ಪೆಟ್ಟಿಗ್ಯಾಗ ಇಡ್ತಾರ. ಕೆಳಗ ಹಿತ್ತಾಳಿ ಹಲಗಿ ಮ್ಯಾಲೆ ನಿಮ್ಮಪ್ಪನ ಹೆಸರು. ವರ್ಷಕ್ಕೊಮ್ಮೆ ಬರಾಕ ನಿಂಗ ಪಾಸು."



"ಹ್ಞೂಂ ಅನ್ನು ಅಕ್ಕಾ," ಇದನ್ನು ವಿಜಯಕುಮಾರ ತಾನಾಗಿಯೇ, ದನಿ ತಗ್ಗಿಸಿ ಹೇಳಿದ. "ಇಲ್ಲಾಂದ್ರ ಜೈಲು."

ಅವಳು ತನ್ನ ಉಗುರಿನೊಳಗಿನ ಕೆಮ್ಮಣ್ಣನ್ನು ನೋಡಿಕೊಂಡಳು.

"ಅಪ್ಪಗ ಮಣ್ಣು ಕೊಟ್ಟೀನ್ರಿ," ಎಂದಳು. "ಒಲ್ಲೆ."