ಶುಕ್ರವಾರ ಅಂಟಿದ ರೋಗ

ಯಂತ್ರ ಹಳಿಯ ಮೇಲೆ ತೆವಳುತ್ತ ಬಂದು ಒಂದೊಂದೇ ಆರ್ಕಿಡ್ ಗಿಡವನ್ನು ಮೂಸುತ್ತಿತ್ತು. ರೋಗ ತಗುಲಿದ ಎಲೆ ಬಿಡುವ ಆವಿಯ ವಾಸನೆಯೇ ಬೇರೆ. ಮಚ್ಚೆ ಮೂಡುವ ಎರಡು ತಿಂಗಳ ಮೊದಲೇ ಅದನ್ನು ಹಿಡಿದು, ವೈರಸ್ಸಿನ ಹೆಸರನ್ನೂ ಅದು ಅಂಟಿದ ದಿನವನ್ನೂ ಯಂತ್ರ ಹೇಳಬಲ್ಲದು. ಮೂರನೇ ಸಾಲಿನಲ್ಲಿ ನಲವತ್ತೊಂದು ಕೆಂಪು ದೀಪ ಹೊತ್ತಿಕೊಂಡವು. ಅದು ಅಶ್ವತ್ಥಮ್ಮನ ಸಾಲು.

ದೊಡ್ಡಬಳ್ಳಾಪುರದ ಆ ಹಸಿರುಮನೆಯಲ್ಲಿ ಅವಳು ಹೂ ಕೊಯ್ಯಲು ಸೇರಿದ್ದು ೨೦೪೨ರಲ್ಲಿ. ಈಗ ಹತ್ತೊಂಬತ್ತು ವರ್ಷ. ಯಂತ್ರ ಕಂಡುಹಿಡಿದ ವಿಜ್ಞಾನಿ ಇಂದುಧರ ಅವಳನ್ನು ಕೋಣೆಗೆ ಕರೆಸಿದ. ಈ ವೈರಸ್ ಗಾಳಿಯಲ್ಲಿ ಹರಡುವುದಿಲ್ಲ, ಗಿಡದ ರಸ ಅಂಟಿದ ಚಾಕುವೇ ಅದನ್ನು ಹೊತ್ತು ತಿರುಗುತ್ತದೆ ಎಂದ. ಕೆಲಸದಿಂದ ತೆಗೆಯುವ ಪತ್ರ ಸಿದ್ಧವಾಗಿತ್ತು. ಅವಳು ಹೆಬ್ಬೆಟ್ಟು ಒತ್ತುವುದಷ್ಟೇ ಬಾಕಿ.

ಅಶ್ವತ್ಥಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಗಿಡಕ್ಕೊಂದು ಸಲ ಚಾಕುವನ್ನು ಹಾಲುಪುಡಿ ಕಲಸಿದ ನೀರಿನಲ್ಲಿ ಅದ್ದಬೇಕು. ವೈರಸ್ಸಿನ ಕಾಟ ಅಡಗಿಸಲು ಅಲ್ಲಿ ಮಾಡಿದ್ದ ನಿಯಮ ಅದು. ಅವಳು ಒಂದು ದಿನವೂ ತಪ್ಪಿಸಿದವಳಲ್ಲ.

"ಯಂತ್ರ ಸುಳ್ಳು ಹೇಳಲ್ಲ, ಅಶ್ವತ್ಥಮ್ಮ."

"ಹಂಗಾದ್ರೆ ಯಾವತ್ತು ಅಂಟ್ತು ಅಂತ ಅದನ್ನೇ ಕೇಳಿ ಸಾರ್."

ಸಾಲು ಯಾರದೆಂದು ತಿಳಿದ ಮೇಲೆ ಅವನು ದಿನ ನೋಡುವ ಗೋಜಿಗೇ ಹೋಗಿರಲಿಲ್ಲ. ಮುಖ ಗಂಟಿಕ್ಕಿಕೊಂಡು ಗುಂಡಿ ಒತ್ತಿದ. ಪರದೆಯ ಮೇಲೆ ತಾರೀಖುಗಳು ಬಂದವು. ನಲವತ್ತೊಂದೂ ಶುಕ್ರವಾರಗಳೇ.

ಶುಕ್ರವಾರ ಕೆಲಸದವರಿಗೆಲ್ಲ ವಾರದ ರಜೆ. ಅಂದು ಒಳಗೆ ಬರುವವನು ಇಂದುಧರ ಒಬ್ಬನೇ. ಕೋಣೆಯ ಲಕ್ಷ್ಮೀ ಪಟಕ್ಕೆ ಏರಿಸಲು ಬಾಗಿಲಿಗೆ ಹತ್ತಿರವಿದ್ದ ಮೂರನೇ ಸಾಲಿನಿಂದ ಹೂ ಬಿಡಿಸುತ್ತಿದ್ದ. ದೇವರ ಹೂವಿಗೆ ಕಬ್ಬಿಣ ತಾಕಬಾರದೆಂಬುದು ಅವರ ಮನೆಯ ಪದ್ಧತಿ, ಹಾಗಾಗಿ ಉಗುರಿನಲ್ಲೇ ಚಿವುಟುವುದು. ಆ ಉಗುರನ್ನು ಹಾಲಿನಲ್ಲಿ ಅದ್ದಿದವರು ಯಾರೂ ಇರಲಿಲ್ಲ. ಶನಿವಾರ ಬೆಳಿಗ್ಗೆ ಚಿವುಟಿದ ತೊಟ್ಟುಗಳನ್ನು ಅಶ್ವತ್ಥಮ್ಮ ಎಷ್ಟು ಸಲ ಕಂಡಿದ್ದಳೋ. ಅವಳು ಪಟದ ಹೂವನ್ನೊಮ್ಮೆ, ಅವನ ಬೆರಳನ್ನೊಮ್ಮೆ ನೋಡಿದಳು.

"ಲೆಕ್ಕದಲ್ಲಿ ಒಂದೆರಡು ದಿನ ಹೆಚ್ಚುಕಡಿಮೆ ಆಗುತ್ತೆ," ಎಂದ ಇಂದುಧರ.

"ನನ್ ಕೆಲ್ಸ ತೆಗೆಯೋವಾಗ ಆ ಹೆಚ್ಚುಕಮ್ಮಿ ಇರ್ಲಿಲ್ವಾ ಸಾರ್?"

ಅವನು ಪತ್ರವನ್ನು ಖಾನೆಗೆ ತಳ್ಳಿದ. ವರದಿಯಲ್ಲಿ 'ಕಾರಣ ತಿಳಿದುಬಂದಿಲ್ಲ' ಎಂದು ಬರೆದ. ನಲವತ್ತೊಂದು ಗಿಡಗಳನ್ನು ಸುಟ್ಟದ್ದು ಅಶ್ವತ್ಥಮ್ಮನೇ.

ಸೋಮವಾರ ಗೇಟಿನಲ್ಲಿ ಹೊಸ ನಿಯಮ ಅಂಟಿಸಿದ್ದರು: ಹೂ ಕೊಯ್ಯುವ ಹೆಂಗಸರೆಲ್ಲ ದಿನವೂ ಉಗುರು ತೋರಿಸಿಯೇ ಒಳಗೆ ಹೋಗಬೇಕು. ಕೆಳಗೆ ಇಂದುಧರನ ಸಹಿ ಇತ್ತು. ಅಶ್ವತ್ಥಮ್ಮ ಹತ್ತು ಬೆರಳನ್ನೂ ಚಾಚಿ ನಿಂತಳು. ಕೈ ಜೇಬಿಗಿಳಿಸಿಕೊಂಡು ಇಂದುಧರ ಅವಳ ಪಕ್ಕದಿಂದಲೇ ಒಳಗೆ ಹೋದ. ಕಾವಲುಗಾರ ಎದ್ದು ನಿಂತು ನಮಸ್ಕಾರ ಹೊಡೆದ.