ಏಳನೇ ಬಾವಿಯ ತಾರೀಖು

"ಮಾಡೆಲ್‌ನಲ್ಲಿ ಏಳನೇ ಬಾವಿ ಸುತ್ತ ಕಲ್ಲನ್ನ ನೀರು ನುಗ್ಗದ ಹಾಗೆ ಇಷ್ಟು ಬಿಗಿ ಮಾಡಿದ್ದು ಯಾರು?" ಎಂದು ಕೇಳಿದೆ.

ಬಸವಪ್ರಭು ಕೀಬೋರ್ಡ್ ನೋಡುತ್ತಾ ಕುಳಿತ. ಸುಳ್ಳು ಹೇಳಲು ಬಾರದವರ ಹಣೆಬರಹವೇ ಇಷ್ಟು. ಸಂಜೆ ಏಳೂವರೆಗೆ ಅಮೆರಿಕದ ಕ್ಲೈಂಟ್ ಜೊತೆ ಕಾಲ್ ಇತ್ತು. ಆಗಲೇ ಏಳು ದಾಟಿತ್ತು.

ಶಿರಾ ಗೇಟ್‌ನ ಈ ಪುಟ್ಟ ಆಫೀಸಿನಲ್ಲಿ ನಾವು ಮಾಡುವುದು ಇಷ್ಟೇ. ನೆಲದೊಳಕ್ಕೆ ನೀರು ತಳ್ಳಿದರೆ ಎಣ್ಣೆ ಯಾವ ಬಾವಿಯ ಕಡೆ ಸರಿಯುತ್ತದೆ ಎಂದು ಕಂಪ್ಯೂಟರಿನಲ್ಲಿ ಮಾಡೆಲ್ ಕಟ್ಟಿ ಹೇಳುತ್ತೇವೆ. ಹಳೆಯ ದಾಖಲೆ ತುಂಬಿಸುವವಳು ನಾನು, ಮಾಡೆಲ್ ಓಡಿಸುವವನು ಅವನು.

"ನಾನೇ," ಎಂದ. "ಇಲ್ದಿದ್ರೆ ಆ ಬಾವಿಗೆ ನೀರು ಬಂತು ಅಂತ ನೀನ್ ಹಾಕಿರೋ ಡೇಟಿಗೆ ಮಾಡೆಲ್ ಹೊಂದ್ತಿರ್ಲಿಲ್ಲ."

"ಡೇಟಿಗೇನಾಗಿದೆ?"

"ಅಮೆರಿಕದವ್ರು ತಿಂಗಳು ಮೊದ್ಲು ಬರೀತಾರೆ, ರೂಪಶ್ರೀ. ಮೂರು, ಏಳು ಅಂದ್ರೆ ಮಾರ್ಚ್ ಏಳು. ನೀನು ಜುಲೈ ಮೂರು ಅಂತ ಹಾಕಿದೀಯ."

ಆ ಬಾವಿಗೆ ನೀರು ನುಗ್ಗಿದ್ದು ನಾನು ಬರೆದದ್ದಕ್ಕಿಂತ ನಾಲ್ಕು ತಿಂಗಳು ಮೊದಲು. ಅಂದರೆ ಅಲ್ಲಿ ನೀರಿಗೆ ಸಲೀಸಾದ ದಾರಿಯಿದೆ. ನಮ್ಮ ವರದಿಯೋ ಅಲ್ಲೇ ಇನ್ನಷ್ಟು ನೀರು ಬಿಡಿ ಎನ್ನುತ್ತಿತ್ತು. ಬಿಟ್ಟರೆ ಬರೀ ನೀರೇ ಮೇಲೆ ಬಂದು ಎಣ್ಣೆ ಕಲ್ಲಿನೊಳಗೇ ಉಳಿಯುತ್ತದೆ.

"ಗೊತ್ತಿದ್ದೂ ಯಾಕ್ ಹೇಳ್ಲಿಲ್ಲ?"

"ಇನ್ನೊಂದ್ ತಪ್ಪಾದ್ರೆ ಕುಣಿಗಲ್‌ಗೆ ವಾಪಸ್ ಹೋಗಮ್ಮ ಅಂದಿದ್ರಲ್ಲ ಲಕ್ಷ್ಮೀಕಾಂತ್ ಸರ್. ನೀನ್ ಹೋಗ್ಬಿಟ್ರೆ..." ಮಾತು ಅಲ್ಲಿಗೇ ನಿಂತಿತು. ಅವನ ಕಿವಿಯ ತುದಿ ಕೆಂಪಾಗಿತ್ತು.

ಎರಡು ವರ್ಷದಿಂದ ಆ ಮಾತಿಗಾಗಿಯೇ ಕಾದವಳು ನಾನು. ಬೇರೆ ದಿನವಾಗಿದ್ದರೆ ಆ ಕಿವಿ ನೋಡಿ ಕರಗಿಹೋಗುತ್ತಿದ್ದೆ. ಆಗ ಮಾತ್ರ ಮೈಯೆಲ್ಲ ಉರಿಯಿತು.

"ನನ್ನ ಉಳಿಸ್ಕೊಳ್ಳೋಕೆ ಕಲ್ಲನ್ನೇ ಬದಲಾಯಿಸ್ದಾ? ನಾನೇನ್ ಎತ್ತಿ ಆಡ್ಸೋ ಮಗೂನಾ?"

"ಸುಮ್ನಿರೇ. ಮುಂದಿನ್ ವಾರ ಹೆಂಗೋ ಸರಿ ಮಾಡೋಣ."

"ಅಷ್ಟೊತ್ತಿಗೆ ಅವ್ರು ಪಂಪ್ ಶುರು ಮಾಡಿರ್ತಾರೆ ಕಣೋ."

ಲಕ್ಷ್ಮೀಕಾಂತ್ ಸರ್ ಬಂದು ಪರದೆಯ ಮುಂದೆ ಕುಳಿತರು. ಕಾಲ್ ಶುರುವಾಯಿತು. ಮೇಜಿನ ಕೆಳಗೆ ಬಸವಪ್ರಭು ನನ್ನ ಬೆರಳು ಹಿಡಿದುಕೊಂಡ, ಬೇಡ ಎನ್ನುವಂತೆ. ಅವನು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಒಂದು ಕ್ಷಣ ಹಾಗೇ ಇದ್ದು, ಬಿಡಿಸಿಕೊಂಡೆ.

"ಸರ್, ಈ ರಿಪೋರ್ಟ್ ಕಳಿಸ್ಬೇಡಿ. ಏಳನೇ ಬಾವಿ ಡೇಟು ನಾನ್ ತಪ್ಪು ಹಾಕಿದೀನಿ."

ಸರ್ ತಟ್ಟನೆ ಮೈಕ್ ಮ್ಯೂಟ್ ಮಾಡಿದರು.

"ಗೊತ್ತಿದ್ದೂ ಮಾಡೆಲ್ ತಿರುಚಿದ್ದು ನಾನು," ಎಂದು ಅವನೂ ಎದ್ದು ನಿಂತ.

ಸರ್ ಕ್ಲೈಂಟ್ ಹತ್ತಿರ ಹತ್ತು ದಿನದ ಕಾಲಾವಕಾಶ ಕೇಳಿಕೊಂಡರು. ಆಮೇಲೆ ನಮ್ಮ ಕಡೆ ತಿರುಗಿದರು. "ನಾಳೆಯಿಂದ ನೀನ್ ಬರೋದು ಬೇಡಮ್ಮ. ಹತ್ತು ದಿನದಲ್ಲಿ ಇದನ್ನ ಸರಿ ಮಾಡ್ಕೊಟ್ಟು ನೀನೂ ಹೊರಡಪ್ಪ."

ಅಳು ಬಂತು. ಅವರೆದುರು ಅಳಬಾರದೆಂದು ಬ್ಯಾಗ್ ಎತ್ತಿಕೊಂಡು ಇಳಿದೆ. ಮೆಟ್ಟಿಲ ಮೇಲೆ ಬಸವಪ್ರಭು ಹಿಂದೆಯೇ ಬಂದ.

"ಒಂದ್ ಮಾತು ಹೇಳ್ಲಾ?"

"ಸಮಾಧಾನ ಮಾಡೋಕಾದ್ರೆ ಬೇಡ."

"ನೀನು ಯಾವ್ ಫೈಲನ್ನೂ ಎರಡನೇ ಸಲ ನೋಡಲ್ಲ. ಅವಸರ ನಿಂಗೆ. ಹೋದ್ಸಲಾನೂ ಅದೇ ಆಗಿದ್ದು."

ಚುರ್ ಎಂದಿತು. ನಿಜವೇ ಆಗಿತ್ತು.

"ಮತ್ತೆ?" ಎಂದೆ.

"ಮತ್ತೆ, ನಿನ್ನ ಬಿಟ್ಟಿರೋಕೆ ನಂಗಾಗಲ್ಲ." ಈ ಸಲ ನನ್ನನ್ನೇ ನೋಡುತ್ತಿದ್ದ.

ಮೊದಲನೆಯ ಕಹಿ ಮಾತನ್ನೂ ಮುಚ್ಚಿಡದೆ ಹೇಳಿದವನಾದ್ದರಿಂದ ಎರಡನೆಯದನ್ನೂ ನಂಬಿದೆ. ಕಣ್ಣು ಒರೆಸಿಕೊಂಡೆ.

"ಭಾನುವಾರ ಕುಣಿಗಲ್‌ಗೆ ಬಂದು ಅಪ್ಪನ ಹತ್ರ ಎರಡನೇದು ಹೇಳು. ಮೊದಲನೇದು ಅವ್ರಿಗೆ ಆಗ್ಲೇ ಗೊತ್ತು."